ಮ್ಯಾಟಿನ ಕೆಳಗಿನ ತೇವ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಹಳೇ ಜೀಪು ನೋಡಲು ಬರುವ ಪಳಗಿದ ಗಿರಾಕಿ ಮೊದಲು ಬಾನೆಟ್ ಎತ್ತಿಸುವುದಿಲ್ಲ. ಡ್ರೈವರ್ ಕಾಲಡಿಯ ರಬ್ಬರ್ ಮ್ಯಾಟನ್ನು ಚಪ್ಪಲಿಯಲ್ಲೇ ಪಕ್ಕಕ್ಕೆ ಸರಿಸಿ, ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಮಾರುವವನ ಮುಖ ನೋಡುತ್ತಲೇ ತಗಡನ್ನು ಕುಕ್ಕುತ್ತಾನೆ. ಟಣ್ ಎಂದರೆ ಟೀ ಬರುತ್ತದೆ, ಮಾತು ಮುಂದುವರಿಯುತ್ತದೆ. ಸ್ಕ್ರೂಡ್ರೈವರ್ ಸದ್ದಿಲ್ಲದೆ ಒಳಗಿಳಿದರೆ ಟೀ ಬರುವುದಿಲ್ಲ. “ಎಂಜಿನ್ ಕೆಟ್ರೆ ಬಿಚ್ಚಿ ಕಟ್ಬೌದು ಗೌಡ್ರೇ, ತಗಡೇ ಕೆಟ್ರೆ ಏನ್ ಬಿಚ್ಚೀರಿ, ಏನ್ ಕಟ್ಟೀರಿ?” ಎಂಬ ಮಾತು ಈ ಸೀಮೆಯ ಗ್ಯಾರೇಜುಗಳಲ್ಲಿ ಆಗಾಗ ಕಿವಿಗೆ ಬೀಳುತ್ತದೆ.

ಲೆಕ್ಕಕ್ಕೆ ನೋಡಿದರೆ ಇಲ್ಲಿ ಇಷ್ಟು ತುಕ್ಕು ಇರಬಾರದು. ಮಂಡ್ಯ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 700 ಮಿಲಿಮೀಟರ್. ಆಗುಂಬೆಯಲ್ಲಿ ಅದರ ಹತ್ತು ಪಟ್ಟು ಸುರಿಯುತ್ತದೆ. ಸಮುದ್ರ ಘಟ್ಟದ ಆಚೆ ಎಲ್ಲೋ ಇದೆ. ಹಿಮ ಬೀಳುವ ದೇಶಗಳಲ್ಲಿ ಚಳಿಗಾಲದ ರಸ್ತೆಗೆ ಉಪ್ಪು ಎರಚುತ್ತಾರೆ, ಆ ಉಪ್ಪುನೀರು ಗಾಡಿಗಳ ಹೊಟ್ಟೆ ತಿನ್ನುತ್ತದೆ. ನಮ್ಮ ರಸ್ತೆಗೆ ಆ ಕಾಟವೂ ಇಲ್ಲ. ಆದರೂ ನಾಲೆ ಬಯಲಿನಲ್ಲಿ ದುಡಿದ ಜೀಪುಗಳ ತಳ ನೋಡಿದವರಿಗೆ ಇದು ಕರಾವಳಿಯಿಂದ ಬಂದ ಗಾಡಿಯೇ ಎಂಬ ಅನುಮಾನ ಬರುವುದುಂಟು.

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ದಾರಿಯಲ್ಲಿ, ಜನ ಇವತ್ತಿಗೂ ಕೆ.ಎಂ. ದೊಡ್ಡಿ ಎಂದೇ ಕರೆಯುವ ಭಾರತೀನಗರದ ಹತ್ತಿರ, ಒಂದು ಹಳ್ಳಿಯಲ್ಲಿ ಬೆಳೆದ ಹುಡುಗನಿಗೆ ಈ ಒಗಟು ಮನೆಯ ಮುಂದಿನ ಹುಣಸೆಮರದ ಕೆಳಗೇ ನಿಂತಿತ್ತು. ಅವನ ದೊಡ್ಡಪ್ಪ ಸರ್ಕಾರಿ ಹರಾಜಿನಲ್ಲಿ ಕೂಗಿ ತಂದ, ಎತ್ತರದ ಬಾನೆಟ್ಟಿನ ಜೀಪು ಅದು. ಸಿಜೆ-3ಬಿ ಎಂಬ ಅದರ ಹೆಸರು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎಲ್ಲ ಜೀಪೂ ಜೀಪೇ. ಎರಡನೆಯ ಮಹಾಯುದ್ಧಕ್ಕೆಂದು 1941ರಿಂದ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪಿನ ವಂಶ. ಮುಂಬಯಿಯ ಮಹೀಂದ್ರ ಕಂಪನಿ 1947ರಲ್ಲಿ ವಿಲ್ಲಿಸ್ ಜೀಪುಗಳನ್ನು ಇಲ್ಲಿ ಜೋಡಿಸತೊಡಗಿತು. ಅಮೆರಿಕದಲ್ಲಿ 1953ರಲ್ಲಿ ಬಂದು 1968ರಲ್ಲಿ ನಿಂತುಹೋದ ಈ ಎತ್ತರ ಬಾನೆಟ್ಟಿನ ಮಾದರಿ, ಭಾರತದಲ್ಲಿ ಅದಾದ ಮೇಲೂ ವರ್ಷಗಟ್ಟಲೆ ತಯಾರಾಯಿತು. ನೀರಾವರಿ, ಕಂದಾಯ, ಅರಣ್ಯ, ಪೊಲೀಸು ಎಂದು ಇಲಾಖೆಗಳಲ್ಲಿ ಸವೆದು ಹರಾಜಿಗೆ ಬಂದ ಇಂಥವು ರೈತರ ಮನೆ ಸೇರುತ್ತಿದ್ದವು. ಪೆಟ್ರೋಲ್ ಖರ್ಚು ತಾಳದೆ ಅನೇಕರು ಡೀಸೆಲ್ ಎಂಜಿನ್ ಕೂರಿಸಿಕೊಂಡರು. ದೊಡ್ಡಪ್ಪನೂ ಕೂರಿಸಿದರು. ಎಂಜಿನ್ ಬದಲಾಯಿತು, ಗೇರು ಬದಲಾಯಿತು, ತೊಟ್ಟಿ, ಅಂದರೆ ಜೀಪಿನ ತಗಡಿನ ಮೈ, ಮಾತ್ರ ಅದೇ ಉಳಿಯಿತು.

ಆ ತೊಟ್ಟಿ ಹೊರದ ಸಾಮಾನಿಲ್ಲ. ಬೆಳಿಗ್ಗೆ ಬಿತ್ತನೆ ಕಬ್ಬು, ಮಧ್ಯಾಹ್ನ ಸೊಸೈಟಿಯಿಂದ ಯೂರಿಯಾ ಮತ್ತು ಪೊಟ್ಯಾಷ್ ಮೂಟೆ, ಸಂಜೆ ಆಲೆಮನೆಯಿಂದ ಬೆಲ್ಲ. ಮಂಡ್ಯದ ಬೆಲ್ಲದ ಮಂಡಿಗೆ ಹೋಗುವ ದಿನ ಹಿಂದಿನ ಸೀಟುಗಳನ್ನು ಬಿಚ್ಚಿ ಜಗಲಿ ಮೇಲೆ ಇಡುತ್ತಿದ್ದರು. ರಾತ್ರಿ ಯಾರ ಮನೆಯ ಹೆಣ್ಣುಮಗಳಿಗಾದರೂ ಹೆರಿಗೆ ನೋವು ಬಂದರೆ ಅದೇ ತೊಟ್ಟಿಗೆ ಹಾಸಿಗೆ ಹಾಸಿ ಮದ್ದೂರಿನ ಆಸ್ಪತ್ರೆಗೆ ಓಡಿಸುವುದು. ಚುನಾವಣೆ ಬಂದರೆ ಟಾರ್ಪಾಲು ಕಳಚಿ, ಹೂವಿನ ಹಾರ ಸುತ್ತಿ, ಲೀಡರನ್ನು ನಿಲ್ಲಿಸಿ ಮೆರವಣಿಗೆ. ಮಂಡ್ಯದ ರಾಜಕೀಯದಲ್ಲಿ ತೆರೆದ ಜೀಪಿಗೆ ಇರುವ ಗತ್ತು ಬೇರೆ ಯಾವ ಕಾರಿಗೂ ಇಲ್ಲ. ಒದ್ದೆ ಹಾರಗಳು ಬಾನೆಟ್ಟಿನ ಸಂದಿಯಲ್ಲಿ ಕೊಳೆಯುವ ತನಕ ಯಾರೂ ತೆಗೆಯುತ್ತಿರಲಿಲ್ಲ ಎಂಬುದು ಬೇರೆ ಮಾತು.

ಹುಡುಗನಿಗೆ ಆಗ ಗೊತ್ತಾಗದ, ಎಷ್ಟೋ ವರ್ಷದ ಮೇಲೆ ತಗಡು ಕತ್ತರಿಸುವಾಗ ಗೊತ್ತಾದ ಸಂಗತಿ ಎಂದರೆ, ಆ ತೊಟ್ಟಿಗೆ ಬಿದ್ದ ಸಾಮಾನುಗಳಲ್ಲಿ ಹೆಚ್ಚಿನವು ಗಾಳಿಯಿಂದ ನೀರು ಎಳೆದುಕೊಳ್ಳುವಂಥವು. ಬೆಲ್ಲ ಮಳೆಗಾಲದಲ್ಲಿ ನೀರೊಡೆಯುವುದನ್ನು ಮಂಡ್ಯದವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯೂರಿಯಾವೂ ಅಷ್ಟೇ. ಗಾಳಿಯ ತೇವಾಂಶ ಶೇಕಡ ಎಪ್ಪತ್ತೈದರ ಆಸುಪಾಸು ದಾಟಿದರೆ ಕಾಳು ಕರಗಿ ಅಂಟಾಗುತ್ತದೆ, ಮತ್ತು ಶ್ರಾವಣದ ಯಾವ ರಾತ್ರಿಯಲ್ಲೂ ನಾಲೆ ಬಯಲಿನ ಗಾಳಿ ಅದಕ್ಕಿಂತ ತೇವವಾಗಿರುತ್ತದೆ. ಪೊಟ್ಯಾಷ್ ಎಂದು ರೈತರು ತರುವ ಮ್ಯೂರಿಯೇಟ್ ಆಫ್ ಪೊಟ್ಯಾಷ್‌ನಲ್ಲಿ ಇರುವುದು ಕ್ಲೋರೈಡ್. ಅಡುಗೆ ಉಪ್ಪಿನಲ್ಲಿ ಇರುವುದೂ ಅದೇ. ಮೂಟೆಯ ಹೊಲಿಗೆ ಸಂದಿಯಿಂದ ಉದುರಿದ ಒಂದೊಂದು ಚಿಟಿಕೆ ಮ್ಯಾಟಿನ ಕೆಳಗೆ ಸೇರಿ, ಮಳೆ ಬಾರದ ದಿನವೂ ತಗಡನ್ನು ಒದ್ದೆಯಾಗಿ ಇಟ್ಟಿತು. ಘಟ್ಟದಾಚೆಯ ಸಮುದ್ರ ಹೀಗೆ ಸೊಸೈಟಿ ಗೋಡೌನಿನ ಮೂಲಕ ಕೆ.ಎಂ. ದೊಡ್ಡಿಗೆ ಬಂದಿತ್ತು.

ನೆಲವೂ ತನ್ನ ಪಾಲು ಕೊಟ್ಟಿತು. 1911ರಲ್ಲಿ ಶುರುವಾದ ಕೃಷ್ಣರಾಜಸಾಗರ ಅಣೆಕಟ್ಟು ಮುಗಿದು, ಇರ್ವಿನ್ ನಾಲೆಯಲ್ಲಿ, ಅಂದರೆ ಇವತ್ತಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ಈ ಸೀಮೆಯ ಹಣೆಬರಹ ಬದಲಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಷುಗರ್ ಕಾರ್ಖಾನೆ ಬಂತು. ರಾಗಿ ಹೊಲಗಳು ಕಬ್ಬಿನ ಗದ್ದೆಗಳಾದವು. ಆದರೆ ವರ್ಷವಿಡೀ ನೀರು ನಿಂತ ತಗ್ಗಿನ ಜಮೀನುಗಳಲ್ಲಿ ಅಂತರ್ಜಲ ಮೇಲೆ ಬಂತು, ಅದರ ಜೊತೆ ನೆಲದೊಳಗಿನ ಲವಣವೂ ಮೇಲೆ ಬಂದು ಬೇಸಿಗೆಯಲ್ಲಿ ಬಿಳಿ ಪುಡಿಯಾಗಿ ಕೂತಿತು. ರೈತರು ಅದಕ್ಕೆ ಚೌಳು ಎನ್ನುತ್ತಾರೆ. ಚೌಳು ಮಣ್ಣಿನ ಕೆಸರು ಜೀಪಿನ ಹೊಟ್ಟೆಗೆ ಮೆತ್ತಿಕೊಂಡರೆ ಅದು ಬರೀ ಕೆಸರಲ್ಲ.

ಕಬ್ಬಿಣಕ್ಕೆ ತುಕ್ಕು ಹಿಡಿಯಲು ನೀರು ಬೇಕು, ಗಾಳಿಯ ಆಮ್ಲಜನಕ ಬೇಕು. ಇದು ಶಾಲೆಯ ಪಾಠ. ಪಾಠ ಹೇಳದ ಇನ್ನೊಂದು ಸಂಗತಿ ಇದೆ. ಒಂದೇ ತಗಡಿನ ಒಂದು ಭಾಗ ಗಾಳಿಗೆ ತೆರೆದಿದ್ದು, ಪಕ್ಕದ ಭಾಗ ಒದ್ದೆ ಕೆಸರಿನ ಕೆಳಗೆ ಉಸಿರುಕಟ್ಟಿ ಕೂತಿದ್ದರೆ, ಎರಡರ ನಡುವೆ ಸಣ್ಣ ವಿದ್ಯುತ್ ಹರಿವು ಶುರುವಾಗುತ್ತದೆ. ಕರಗುವುದು ಗಾಳಿ ಸಿಗದ ಭಾಗ. ಹೊರಗೆ ಕಾಣುವ ಬಣ್ಣ ಗಟ್ಟಿಯಾಗಿದ್ದು ಒಳಗೆ ತಗಡು ತೂತಾಗುವುದು ಇದರಿಂದಲೇ. ಲವಣ ಕೂಡಿದರೆ ನೀರಿನಲ್ಲಿ ಆ ಹರಿವು ಸಲೀಸಾಗುತ್ತದೆ. ಹುಟ್ಟಿದ ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಜೋಡಿಸಿ ಬೆಸೆದ ಎರಡು ತಗಡುಗಳ ಸಂದಿಯಲ್ಲಿ ಹುಟ್ಟಿದರೆ ಬೆಸುಗೆಯನ್ನೇ ಎಬ್ಬಿಸಿ ತಗಡನ್ನು ಉಬ್ಬಿಸಿಬಿಡುತ್ತದೆ. ದೊಡ್ಡಪ್ಪನ ಜೀಪಿನ ಹಿಂಬದಿ ಅಡ್ಡಪಟ್ಟಿಯಲ್ಲಿ ತುಕ್ಕು ಚಿರೋಟಿಯ ಹಾಗೆ ಪದರ ಪದರವಾಗಿ ಬಿಡಿಸಿಕೊಳ್ಳುತ್ತಿತ್ತು. ಹುಡುಗರು ಅದನ್ನು ಕಿತ್ತು ಕೆರೆಗೆ ಎಸೆಯುತ್ತಿದ್ದರು.

ಜೀಪಿನ ಮೈಕಟ್ಟೂ ತುಕ್ಕಿಗೆ ಅನುಕೂಲವೇ. ತೊಟ್ಟಿಯ ನೆಲಕ್ಕೆ ಬಲ ಬರಲೆಂದು ಕೆಳಗಡೆ ಟೋಪಿ ಆಕಾರದಲ್ಲಿ ಮಡಿಸಿದ ಪಟ್ಟಿಗಳನ್ನು ಬೆಸೆದಿರುತ್ತಾರೆ. ಯುದ್ಧಕಾಲದ ಜೀಪುಗಳಲ್ಲಿ ಈ ಪಟ್ಟಿಗಳ ಒಳಗೆ ಮರದ ತುಂಡು ತುಂಬುತ್ತಿದ್ದರು. ಮರ ನೀರು ಕುಡಿದು ವರ್ಷಗಟ್ಟಲೆ ಇಟ್ಟುಕೊಂಡಿತು, ಪಟ್ಟಿ ಒಳಗಿನಿಂದಲೇ ಹೋಯಿತು. ನಾಲ್ಕಾರು ವರ್ಷ ಯುದ್ಧದಲ್ಲಿ ಓಡಿದರೆ ಸಾಕೆಂದು ಮಾಡಿದ ಗಾಡಿ ಎಂಬತ್ತು ವರ್ಷ ಬಾಳುತ್ತದೆಂದು ಅದನ್ನು ರೂಪಿಸಿದವರು ಎಣಿಸಿರಲಾರರು. ಎತ್ತರ ಬಾನೆಟ್ಟಿನ ಜೀಪಿನಲ್ಲಿ ಇಂಧನದ ಟ್ಯಾಂಕು ಡ್ರೈವರ್ ಸೀಟಿನ ಕೆಳಗೇ ಕೂರುತ್ತದೆ. ಟ್ಯಾಂಕಿನ ಸುತ್ತ ಧೂಳು ಬೀಳುತ್ತದೆ, ಧೂಳು ನೀರು ಹಿಡಿಯುತ್ತದೆ, ಆ ಕುಳಿಯನ್ನು ಟ್ಯಾಂಕ್ ಎತ್ತದೆ ನೋಡಲಾಗುವುದಿಲ್ಲ. ಬ್ಯಾಟರಿ ತಟ್ಟೆಗೆ ಆಸಿಡ್ ಚೆಲ್ಲುತ್ತದೆ. ಕಮಾನು ಪಟ್ಟಿ ಚಾಸಿಗೆ ಸೇರುವ ಮೂಲೆಗಳಲ್ಲಿ ಚಕ್ರ ಎರಚಿದ ಕೆಸರು ಮುದ್ದೆಯಾಗಿ ಕೂರುತ್ತದೆ. ಎಲ್ಲ ಕಡೆ ಕತೆ ಒಂದೇ: ನೀರು ಬಂದು ಹೋದರೆ ಚಿಂತೆಯಿಲ್ಲ, ಬಂದು ಉಳಿದರೆ ಕೇಡು.

ದೊಡ್ಡಪ್ಪ ಸೋಮಾರಿಯಲ್ಲ. ಭಾನುವಾರ ಜೀಪನ್ನು ನಾಲೆಯ ಮೆಟ್ಟಿಲ ಹತ್ತಿರ ಅರ್ಧ ಚಕ್ರ ಮುಳುಗುವಷ್ಟು ಇಳಿಸಿ, ಎಮ್ಮೆ ತೊಳೆಯುವ ಅಕ್ಕರೆಯಲ್ಲೇ ತೊಳೆಯುತ್ತಿದ್ದರು. “ವಸಿ ಬಗ್ಗಿ ಉಜ್ಜುಲಾ, ಹೊಟ್ಟೆಗೂ ಮೈ ಅದೆ” ಎಂದು ಹುಡುಗನಿಗೆ ತೆಂಗಿನ ನಾರು ಕೊಡುತ್ತಿದ್ದರು. ಹೊರಗೆ ಮಿರಮಿರ ಮಿಂಚುತ್ತಿತ್ತು. ತೊಟ್ಟಿಯ ನೆಲದಲ್ಲಿ ನೀರು ಇಳಿದುಹೋಗಲೆಂದೇ ಬಿಟ್ಟ ತೂತುಗಳು ಮಾತ್ರ ಯಾವತ್ತೋ ಕಬ್ಬಿನ ಸಿಪ್ಪೆ, ಮಣ್ಣು ಸೇರಿ ಮುಚ್ಚಿಹೋಗಿದ್ದವು. ಹಿಂದಿನವರು ಯಾರೋ ಧೂಳು ಬರುತ್ತದೆಂದು ಅದರಲ್ಲೊಂದಕ್ಕೆ ಬೆಣೆ ಬಡಿದಿದ್ದರು. ತೊಳೆದ ನೀರು ಒಳಗೇ ನಿಂತು, ಅದರ ಮೇಲೆ ರಬ್ಬರ್ ಮ್ಯಾಟು, ಮ್ಯಾಟಿನ ಮೇಲೆ ಗೋಣಿಚೀಲ. ವಾರದ ಉಳಿದ ದಿನಗಳಲ್ಲಿ ಅದು ಒಣಗುವ ಮಾತೇ ಇಲ್ಲ.

ನೆಲ ಮೊದಲ ಸಲ ತೂತಾದದ್ದು ಡ್ರೈವರ್ ಹಿಮ್ಮಡಿಯ ಜಾಗದಲ್ಲಿ. ಓಡುವ ರಸ್ತೆ ಕಾಲಡಿಯಲ್ಲೇ ಕಾಣುತ್ತಿತ್ತು. ಮಕ್ಕಳಿಗೆ ಅದೇ ಸಿನಿಮಾ. ಜೀಪು ಮಂಡ್ಯದ ಟಿಂಕರಿಂಗ್ ಶೆಡ್ಡಿಗೆ ಹೋಯಿತು. ಅಲ್ಲಿನ ಮೇಸ್ತ್ರಿಯನ್ನು ಎಲ್ಲರೂ ಭಾಯ್ ಎನ್ನುತ್ತಿದ್ದರು. ಸುತ್ತಿಗೆಯ ಹಿಂತುದಿಯಿಂದ ತಗಡನ್ನು ತಟ್ಟುತ್ತ, ಸದ್ದು ಮಂಕಾದ ಕಡೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತ ಹೋದ ಭಾಯ್, ಕೊನೆಗೆ ನಿಂತು ನೋಡಿದಾಗ ಗೆರೆಯೊಳಗಿನ ಜಾಗ ಹೊರಗಿನದಕ್ಕಿಂತ ಹೆಚ್ಚಿತ್ತು.

“ಗೌಡ್ರೇ, ಪೂರಾ ಕುಯ್ದು ಹೊಸ ತಗಡು ಕೂರಿಸ್ಬೇಕು.”

“ಎಷ್ಟಾಯ್ತದೆ?”

ಭಾಯ್ ಹೇಳಿದರು.

“ಅಷ್ಟಕ್ಕೆ ಒಂದು ಜೊತೆ ಎತ್ತು ಬತ್ತವೆ ಕಣಪ್ಪ. ಮೇಲೊಂದು ಪ್ಲೇಟ್ ಒಡ್ದು ಕೊಡು, ಕಬ್ಬಿನ್ ದುಡ್ ಬಂದ್ಮೇಲೆ ನೋಡುವ.”

ಕಬ್ಬಿನ ದುಡ್ಡು ಯಾವಾಗ ಬರುತ್ತದೆಂದು ಮಂಡ್ಯದಲ್ಲಿ ಯಾರೂ ತಾರೀಖು ಹೇಳಲಾರರು. ಭಾಯ್ ತುಕ್ಕಿನ ಮೇಲೇ ಪ್ಲೇಟು ಬಡಿದು ಬೆಸೆದರು, ಮೇಲೆ ರೆಡ್ ಆಕ್ಸೈಡ್ ಬಳಿದರು, ಅದರ ಮೇಲೆ ಹಸಿರು ಬಣ್ಣ. ಕೆಲಸ ನೀಟಾಗಿತ್ತು. ಆದರೆ ಹಳೇ ತಗಡಿಗೂ ಹೊಸ ಪ್ಲೇಟಿಗೂ ನಡುವೆ ಒಂದು ಕೂದಲೆಳೆಯ ಸಂದಿ ಉಳಿಯಿತು, ಅದರೊಳಗೆ ಗಾಳಿ ಹೋಗದು, ನೀರು ಮಾತ್ರ ಹೀರಿಕೊಂಡು ಹೋಗುತ್ತದೆ. ಬೆಸುಗೆಯ ಶಾಖಕ್ಕೆ ಕೆಳಮೈಯ ಹಳೇ ಬಣ್ಣ ಸುಟ್ಟುಹೋಗಿತ್ತು, ಅಲ್ಲಿಗೆ ಮತ್ತೆ ಬಣ್ಣ ತಲುಪಿರಲಿಲ್ಲ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಪ್ಲೇಟಿನ ಅಂಚಿನ ಸುತ್ತ ಹೊಸ ತೂತು. ಅದರ ಮೇಲೆ ಇನ್ನೊಂದು ಪ್ಲೇಟು. ಆ ಜೀಪನ್ನು ಮುಂದೆ ಬಿಚ್ಚಿದಾಗ ಡ್ರೈವರ್ ಕಾಲಡಿಯಲ್ಲಿ ಮೂರು ಕಾಲದ ಮೂರು ದಪ್ಪದ ತಗಡುಗಳು ಒಂದರ ಮೇಲೊಂದು ಸಿಕ್ಕವು. ಅವುಗಳಲ್ಲಿ ಗಟ್ಟಿಯಾಗಿದ್ದದ್ದು ಕಾರ್ಖಾನೆಯ ಮೂಲ ತಗಡಿನ ಒಂದು ಮೂಲೆ, ಯಾವ ರಿಪೇರಿಯೂ ಮುಟ್ಟದ ಮೂಲೆ.

ಹುಡುಗ ಕಾಲೇಜಿಗೆ ಹೋಗುವ ಕಾಲಕ್ಕೆ ರಸ್ತೆಯಲ್ಲಿ ಬೇರೆ ಗಾಡಿಗಳೂ ಬಂದಿದ್ದವು. 1985ರಲ್ಲಿ ಮಹೀಂದ್ರದ ಎಂಎಂ 540 ಬಂತು, ಅದೇ ವರ್ಷದ ಕೊನೆಗೆ ಮಾರುತಿ ಜಿಪ್ಸಿ. ಜಿಪ್ಸಿ ಹಗುರ, ಪೆಟ್ರೋಲ್, 970 ಸಿಸಿ. 1996ರಲ್ಲಿ 1300 ಸಿಸಿಯ ಜಿಪ್ಸಿ ಕಿಂಗ್ ಆಯಿತು, 2019ರವರೆಗೂ ತಯಾರಾಯಿತು. ಸೇನೆ, ಪೊಲೀಸು, ಅರಣ್ಯ ಇಲಾಖೆಗಳ ಹರಾಜಿನಿಂದ ಬಂದ ಜಿಪ್ಸಿಗಳು ಮಳವಳ್ಳಿ ಕಡೆಯೂ ಕಾಣಿಸಿಕೊಂಡವು. ಜೀಪಿನ ತುಕ್ಕು ನೋಡಿ ಪಳಗಿದವರಿಗೆ ಜಿಪ್ಸಿಯ ತುಕ್ಕು ಹೊಸ ಪಾಠ. ಅದರ ಚಾಸಿ ಮುಚ್ಚಿದ ಪೆಟ್ಟಿಗೆಯ ಆಕಾರದ್ದು. ಒಳಗೆ ಸೇರಿದ ಕೆಸರುನೀರು ಹೊರಬರಲು ಇರುವ ದಾರಿ ಕಿರಿದು. ಹೊರಗೆ ಕರೀ ಬಣ್ಣ ಹೊಳೆಯುತ್ತಿರುತ್ತದೆ, ಒಳಗೆ ಪುಡಿ. ಅದಕ್ಕೇ ಜಿಪ್ಸಿ ಕೊಳ್ಳುವಾಗ ಜಾಣರು ಕಾಲ್ತುದಿಯಲ್ಲಿ ಕೂತು ಹಿಂಚಕ್ರದ ಪಕ್ಕದ ಚಾಸಿಯನ್ನು ಸುತ್ತಿಗೆಯಲ್ಲಿ ತಟ್ಟುತ್ತಾರೆ. ಜಲ್ ಜಲ್ ಎಂದು ಒಳಗೆ ಚಕ್ಕೆ ಉದುರಿದ ಸದ್ದು ಬಂದರೆ ಎದ್ದು ಪ್ಯಾಂಟು ಕೊಡವಿಕೊಳ್ಳುತ್ತಾರೆ.

ಮಳವಳ್ಳಿಯದೇ ಒಂದು ಬೇರೆ ಲೆಕ್ಕ. ಹಲಗೂರು ದಾಟಿ ಮುತ್ತತ್ತಿಯ ಕಡೆ, 1987ರಲ್ಲಿ ಘೋಷಣೆಯಾದ ಕಾವೇರಿ ವನ್ಯಜೀವಿಧಾಮದ ಅಂಚಿನಲ್ಲಿ ಓಡಿದ ಜೀಪುಗಳು ಮೈತುಂಬ ಗೀರು, ನೆಗ್ಗು. ಕಮಾನು ಮುರಿದಿರುತ್ತದೆ, ಬಂಪರ್ ಸೊಟ್ಟ. ಆದರೆ ಮ್ಯಾಟು ಎತ್ತಿದರೆ ತಗಡು ಟಣ್ ಎನ್ನುತ್ತದೆ. ಅಲ್ಲಿಯದು ಕಲ್ಲುನೆಲ, ರಾಗಿ ಹೊಲ, ಕುರುಚಲು ಕಾಡು. ನೀರು ಬಿದ್ದರೆ ಹರಿದುಹೋಗುತ್ತದೆ, ಮರುದಿನ ಬಿಸಿಲು. ನದಿ ದಾಟಿದ ಜೀಪೂ ಸಂಜೆಯೊಳಗೆ ಒಣಗುತ್ತದೆ. ಅಲ್ಲಿಂದ ಅಷ್ಟೇನೂ ದೂರವಿಲ್ಲದ ಶಿವನಸಮುದ್ರ, ಅಂದರೆ ಹಳಬರ ಬಾಯಲ್ಲಿ ಬ್ಲಫ್, 1902ರಿಂದ ವಿದ್ಯುತ್ ಕೊಡುತ್ತಿರುವ ಜಾಗ. ಗಗನಚುಕ್ಕಿ ತುಂಬಿ ಧುಮುಕುವ ತಿಂಗಳುಗಳಲ್ಲಿ ಅಲ್ಲಿನ ಗಾಳಿಯೇ ಒದ್ದೆ. ಅಲ್ಲಿ ನಿಂತ ಗಾಡಿಗೂ ಹಲಗೂರಿನಲ್ಲಿ ನಿಂತ ಗಾಡಿಗೂ ವ್ಯತ್ಯಾಸ ಕಾಣುತ್ತದೆ ಎಂದು ಮಳವಳ್ಳಿಯ ಹಳೇ ಮೆಕ್ಯಾನಿಕ್ಕುಗಳು ವಾದಿಸುತ್ತಾರೆ. ಒಂದೇ ತಾಲ್ಲೂಕಿನೊಳಗೆ ಇಷ್ಟು ಸೂಕ್ಷ್ಮ ನೋಡಬೇಕೆ ಎನ್ನಬಹುದು. ಗಾಡಿ ಕೊಳ್ಳಲು ದುಡ್ಡು ಎಣಿಸುವವನು ನೋಡುತ್ತಾನೆ.

ಈ ಕಾಟ ನಮ್ಮೂರಿಗೆ ಮಾತ್ರ ಎಂದುಕೊಂಡರೆ ತಪ್ಪು. 1948ರಲ್ಲಿ ಇಂಗ್ಲೆಂಡಿನಲ್ಲಿ ಲ್ಯಾಂಡ್ ರೋವರ್ ಹುಟ್ಟಿದಾಗ ಯುದ್ಧ ಮುಗಿದ ಆ ದೇಶದಲ್ಲಿ ಉಕ್ಕಿಗೆ ಪಡಿತರ. ಅದಕ್ಕೇ ಮೈಗೆ ಅಲ್ಯೂಮಿನಿಯಂ ಮಿಶ್ರಲೋಹ ಹಾಕಿದರು. ಮೈಗೆ ತುಕ್ಕು ಬರಲಿಲ್ಲ, ಚಾಸಿ ಮಾತ್ರ ಉಕ್ಕಿನದು, ಅದು ಹೋಯಿತು. ಸತುವಿನಲ್ಲಿ ಮುಳುಗಿಸಿ ತೆಗೆದ ಹೊಸ ಚಾಸಿ ತಂದು ಹಳೇ ಲ್ಯಾಂಡ್ ರೋವರಿಗೆ ಕೂರಿಸುವುದು ಅಲ್ಲಿ ಈಗ ಒಂದು ಕಸುಬೇ ಆಗಿದೆ. ಅಮೆರಿಕದಲ್ಲಿ ಟೊಯೋಟಾ ಪಿಕಪ್ ಗಾಡಿಗಳ ಚಾಸಿ ತುಕ್ಕು ಹಿಡಿದ ವ್ಯಾಜ್ಯ 2016ರಲ್ಲಿ ರಾಜಿಗೆ ಬಂತು. ಸುಮಾರು ಹದಿನೈದು ಲಕ್ಷ ಗಾಡಿಗಳು, 340 ಕೋಟಿ ಡಾಲರ್‌ವರೆಗಿನ ಅಂದಾಜು. ಅಲ್ಲಿನವರು ಕೋರ್ಟಿಗೆ ಹೋದರು. ಇಲ್ಲಿ ಮೇಲೊಂದು ಪ್ಲೇಟು ಬಡಿಸುತ್ತೇವೆ.

ಒಮ್ಮೆ ಗೆಳೆಯರ ಜೊತೆ ಆ ಹುಡುಗ ಮಲೆನಾಡಿನ ಕೊಡಚಾದ್ರಿ ಬೆಟ್ಟಕ್ಕೆ ಹೋದ. ಮೇಲಕ್ಕೆ ಹತ್ತುವ ಆ ಕೊರಕಲು ದಾರಿಯಲ್ಲಿ ಹಳೇ ಜೀಪುಗಳೇ ಗತಿ. ಎಲ್ಲರೂ ಸೂರ್ಯಾಸ್ತ ನೋಡಲು ಓಡಿದರೆ ಇವನು ಜೀಪಿನ ಕೆಳಗೆ ಇಣುಕುತ್ತಿದ್ದ. ದೊಡ್ಡಪ್ಪನ ಜೀಪಿಗಿಂತ ಎಷ್ಟೋ ಪಟ್ಟು ಮಳೆ ಕುಡಿದ ಗಾಡಿ, ತಳದಲ್ಲಿ ಎಲ್ಲೆಲ್ಲೂ ತೂತು. ತುಕ್ಕಿನದಲ್ಲ, ನೀರು ಇಳಿಯಲೆಂದು ಡ್ರೈವರೇ ಡ್ರಿಲ್ಲಿನಲ್ಲಿ ಕೊರೆದದ್ದು. ಮ್ಯಾಟು ಇರಲೇ ಇಲ್ಲ. “ಮ್ಯಾಟ್ ಹಾಕಿದ್ರೆ ಎರಡು ಮಳೆಗಾಲ ಮಾರಾಯ್ರೆ, ಅಷ್ಟೇ” ಎಂದ ಆ ಡ್ರೈವರ್, ಬೀಡಿ ಕಚ್ಚಿಕೊಂಡು. ಅಲ್ಲಿಯ ಮೂಲ ಮೂಕಾಂಬಿಕೆ ಗುಡಿಯ ಎದುರು ಹಳೇ ಕಾಲದ ಕಬ್ಬಿಣದ ಕಂಬವೊಂದು ಬಯಲಲ್ಲೇ ನಿಂತಿದೆ, ಅಷ್ಟು ಮಳೆಗೂ ಕರಗದೆ. ದೆಹಲಿಯ ಕಬ್ಬಿಣದ ಕಂಬ ಹದಿನಾರು ಶತಮಾನ ನಿಂತದ್ದರ ಗುಟ್ಟು ಅದರ ಕಬ್ಬಿಣದಲ್ಲಿರುವ ರಂಜಕದಲ್ಲಿದೆ ಎಂದು ಕಾನ್ಪುರ ಐಐಟಿಯ ಆರ್. ಬಾಲಸುಬ್ರಮಣ್ಯಂ ವಿವರಿಸಿದ್ದರು, ಅದು ಲೋಹದ ಮೇಲೆ ತೆಳ್ಳನೆಯ ರಕ್ಷಣೆಯ ಪೊರೆ ಕಟ್ಟುತ್ತದೆ. ಜೀಪಿನ ತಗಡಿಗೆ ಆ ಭಾಗ್ಯವಿಲ್ಲ. ಅದಕ್ಕೆ ಪೊರೆಯನ್ನು ನಾವೇ ಕಟ್ಟಬೇಕು.

ದೊಡ್ಡಪ್ಪ ಕಟ್ಟುತ್ತಿದ್ದ ಪೊರೆ ವೇಸ್ಟ್ ಆಯಿಲಿನದು. ಎಂಜಿನ್ನಿನಿಂದ ಇಳಿಸಿದ ಕರೀ ಎಣ್ಣೆಯನ್ನು ಹಳೇ ಬಟ್ಟೆಯಲ್ಲಿ ಅದ್ದಿ ಚಾಸಿಗೆಲ್ಲ ಬಳಿಯುವುದು. ಈ ಸೀಮೆಯಲ್ಲಿ ಲಾರಿ, ಟ್ರ್ಯಾಕ್ಟರ್ ಟ್ರೇಲರಿಗೂ ಅದೇ ಔಷಧಿ. ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ, ಸುಳ್ಳಲ್ಲ. ಆದರೆ ಆ ಎಣ್ಣೆಯಲ್ಲಿ ಎಂಜಿನ್ ಸುಟ್ಟ ಆಮ್ಲವಿದೆ, ಸವೆದ ಲೋಹದ ಪುಡಿಯಿದೆ. ರಬ್ಬರ್ ಬುಷ್ಷುಗಳನ್ನು ಮೆತ್ತಗೆ ಮಾಡುತ್ತದೆ, ಚರ್ಮಕ್ಕೆ ಒಳ್ಳೆಯದಲ್ಲ, ಮಳೆ ಬಂದರೆ ಗದ್ದೆಗೆ ತೊಟ್ಟಿಕ್ಕುತ್ತದೆ. ಬಳಿದ ಮೇಲೆ ಧೂಳು ಹಿಡಿದು ದಪ್ಪ ರಾಡಿಯಾಗಿ, ಅದರಡಿಯಲ್ಲಿ ಏನಾಗುತ್ತಿದೆ ಎಂಬುದೇ ಕಾಣುವುದಿಲ್ಲ. ಡಾಂಬರಿನಂಥ ದಪ್ಪ ಅಂಡರ್ ಕೋಟಿಂಗ್‌ನ ಕತೆಯೂ ಹೀಗೇ. ಹೊಸ, ಒಣ ತಗಡಿನ ಮೇಲೆ ಹಾಕಿದರೆ ಒಳ್ಳೆಯದು. ತುಕ್ಕಿನ ಮೇಲೆ ಬಳಿದರೆ ಒಳಗಿನ ತೇವವನ್ನು ಬೀಗ ಹಾಕಿ ಇಟ್ಟಂತಾಗುತ್ತದೆ. ಹೊರದೇಶಗಳಲ್ಲಿ ಕುರಿಯ ಉಣ್ಣೆಯ ಜಿಡ್ಡಿನಿಂದ, ಲ್ಯಾನೋಲಿನ್‌ನಿಂದ, ಮಾಡಿದ ಲೇಪಗಳನ್ನು ಚಾಸಿಯ ಒಳಗೆ ಸಿಂಪಡಿಸುತ್ತಾರೆ. ಮಳವಳ್ಳಿ ತಾಲ್ಲೂಕಿನ ಬಂಡೂರು ಕುರಿ ಜಗತ್ಪ್ರಸಿದ್ಧವಾದರೂ ಅದರ ಹೆಸರು ಇರುವುದು ಮಾಂಸಕ್ಕೆ, ಉಣ್ಣೆಗಲ್ಲ. ಹಾಗಾಗಿ ಈ ವಿಷಯದಲ್ಲಿ ಊರಿನ ಅಭಿಮಾನ ಉಪಯೋಗಕ್ಕೆ ಬರಲಿಲ್ಲ.

ದೊಡ್ಡಪ್ಪ ಹೋದ ಮೇಲೆ ಜೀಪು ಕೊಟ್ಟಿಗೆ ಸೇರಿತು. ಕೊಟ್ಟಿಗೆಯ ಗಾಳಿಯಲ್ಲಿ ಗಂಜಲದ ಅಮೋನಿಯಾ, ನೆಲದಲ್ಲಿ ತೇವ. ಓಡುವ ಜೀಪಿಗಿಂತ ನಿಂತ ಜೀಪು ಬೇಗ ಕೆಡುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಅವನು, 2023ರ ಮಾರ್ಚಿನಲ್ಲಿ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ಹೆದ್ದಾರಿ ಉದ್ಘಾಟನೆಯಾಗಿ ಊರು ಹತ್ತಿರವಾದ ಮೇಲೆ, ಶನಿವಾರಗಳಲ್ಲಿ ಬಂದು ಜೀಪು ಬಿಚ್ಚತೊಡಗಿದ. ಚಿಕ್ಕಪ್ಪ ಜಗಲಿ ಮೇಲೆ ಕೂತು ನೋಡುತ್ತಿದ್ದರು. “ಗುಜರಿಗೆ ಆಕಿ ಅದೇ ದುಡ್ಡಲ್ಲಿ ಬೋರ್ ಕೊರೆಸ್ಬೌದಿತ್ತು” ಎನ್ನುತ್ತ ಸ್ಪ್ಯಾನರ್ ಎತ್ತಿಕೊಡುತ್ತಿದ್ದರು.

ತೊಟ್ಟಿಯನ್ನು ಚಾಸಿಯಿಂದ ಎತ್ತಿ ತೆಂಗಿನಮರದ ದಿಮ್ಮಿಗಳ ಮೇಲೆ ಇಟ್ಟರು. ಮಂಡ್ಯದ ಭಾಯ್ ಈಗ ಇಲ್ಲ. ಅವರ ಮಗ ಬಂದ. ಕೊಳೆತ ನೆಲವನ್ನು ಪೂರ್ತಿ ಕತ್ತರಿಸಿ, ಸುಮಾರು ಒಂದೂಕಾಲು ಮಿಲಿಮೀಟರ್ ದಪ್ಪದ ಹೊಸ ತಗಡು. ಬೆಸೆಯುವ ಮೊದಲು ಒಂದರ ಮೇಲೊಂದು ಕೂರುವ ಅಂಚುಗಳಿಗೆ ಸತುವಿನ ಪ್ರೈಮರ್, ಬೆಸೆದ ಮೇಲೆ ಸಂದಿಗಳಿಗೆ ಸೀಲೆಂಟ್, ಆಮೇಲೆ ಎಪಾಕ್ಸಿ ಪ್ರೈಮರ್. ಸತು ಕಬ್ಬಿಣಕ್ಕಿಂತ ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಬಣ್ಣ ಗೀರಿದರೂ ಸ್ವಲ್ಪ ಕಾಲ ಕಾಯುತ್ತದೆ. ಬರೀ ರೆಡ್ ಆಕ್ಸೈಡ್ ಬಳಿದು ಬಯಲಲ್ಲಿ ಬಿಟ್ಟರೆ ಆ ಗುಣ ಇಲ್ಲ, ತೇವ ಅದರ ಮೂಲಕ ನುಸುಳುತ್ತದೆ. ಚಾಸಿಯ ಮೇಲ್ಮೈ ತುಕ್ಕಿಗೆ ತಂತಿ ಬ್ರಷ್ಷು, ಅದು ಬಿಡದ ಕಡೆ ಫಾಸ್ಫಾರಿಕ್ ಆಮ್ಲದ ದ್ರಾವಣ. ಕೆಂಪು ತುಕ್ಕು ಕಪ್ಪು ಬೂದುಬಣ್ಣದ ಫಾಸ್ಫೇಟ್ ಪೊರೆಯಾಗಿ ಮಾರ್ಪಡುತ್ತದೆ. ಟ್ಯಾನಿಕ್ ಆಮ್ಲದ ದ್ರಾವಣಗಳೂ ಇವೆ, ಅವು ತುಕ್ಕನ್ನು ನೀಲಿಗಪ್ಪು ಮಾಡುತ್ತವೆ. ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದ ನಮ್ಮ ಶಾನುಭೋಗರ ಮನೆಗಳಲ್ಲಿ ನಡೆಯುತ್ತಿದ್ದದ್ದೂ ಇದೇ ರಸಾಯನ, ಲೆಕ್ಕದ ಪುಸ್ತಕಕ್ಕೆ.

ಬೋಲ್ಟು, ಬ್ರಾಕೆಟ್ಟು, ಹಿಂಜ್ ಮುಂತಾದ ಸಣ್ಣ ಸಾಮಾನಿಗೆ ಅವನು ಹಿಡಿದ ದಾರಿ ಮಂಡ್ಯಕ್ಕೆ ತಕ್ಕದ್ದು. ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು. ಹಳೇ ವಾಹನಗಳ ಹುಚ್ಚಿರುವ ಆಸ್ಟ್ರೇಲಿಯ, ಅಮೆರಿಕದ ಜನ ಎಷ್ಟೋ ಕಾಲದಿಂದ ಮಾಡುವ ಉಪಾಯ ಇದು. ಸಕ್ಕರೆ ಕಾರ್ಖಾನೆಗಳ ನಡುವೆ ಬದುಕುವ ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ. ಕಾಕಂಬಿಯಲ್ಲಿರುವ ಕೆಲವು ಪದಾರ್ಥಗಳು ತುಕ್ಕಿನ ಕಬ್ಬಿಣವನ್ನು ಹಿಡಿದು ಕರಗಿಸುತ್ತವೆ, ಗಟ್ಟಿ ಲೋಹದ ತಂಟೆಗೆ ಹೆಚ್ಚು ಹೋಗುವುದಿಲ್ಲ. ವಾರದಿಂದ ಮೂರು ವಾರ ಬೇಕು, ಬಿಸಿಲ ತಿಂಗಳಾದರೆ ಬೇಗ. ಅಲ್ಯೂಮಿನಿಯಂ ಸಾಮಾನು ಹಾಕಬಾರದು, ಅದನ್ನು ತಿಂದುಹಾಕುತ್ತದೆ. ಸಾರಾಯಿಗೆ ದಾರಿಯಾಗುವ ಸರಕಾದ್ದರಿಂದ ಕಾಕಂಬಿಯ ಮೇಲೆ ಅಬಕಾರಿ ಇಲಾಖೆಯ ಕಣ್ಣಿದೆ. ಅವನಿಗೆ ಸಿಕ್ಕದ್ದು ದನದ ಮೇವಿಗೆಂದು ತಂದಿಟ್ಟಿದ್ದ ಡಬ್ಬದ ತಳ. ನೀಲಿ ಡ್ರಮ್ಮಿನಲ್ಲಿ ಹುದುಗು ಬಂದು ನೊರೆ ಎದ್ದಿತು, ವಾಸನೆ ಬೀದಿ ತುಂಬಿತು, ಹಸು ಕಣ್ಣಿ ಎಳೆದುಕೊಂಡು ಬಂದು ಮೂತಿ ಹಾಕಿತು. “ಯಾರ್ ಮನೇಲ್ಲಾ ಬಟ್ಟಿ ಇಳಿಸ್ತಾವ್ರೆ?” ಎಂದು ದಾರಿಹೋಕರು ಕೇಳಿದರು. ತೆಗೆದ ಬೋಲ್ಟುಗಳು ಬೂದುಬಣ್ಣಕ್ಕೆ ತಿರುಗಿ, ಥ್ರೆಡ್ಡುಗಳು ಅಚ್ಚುಕಟ್ಟಾಗಿ ಕಾಣುತ್ತಿದ್ದವು. ತೊಳೆದು, ಒಲೆಯ ಪಕ್ಕ ಒಣಗಿಸಿ, ತಕ್ಷಣ ಎಣ್ಣೆ ಹಚ್ಚಬೇಕು. ಬಿಟ್ಟರೆ ಸಂಜೆಯೊಳಗೆ ಮತ್ತೆ ಕೆಂಪು.

ಬೆಲ್ಲ ಹೊತ್ತು ತೂತಾದ ಜೀಪಿಗೆ ಕಬ್ಬಿನ ಕಾಕಂಬಿಯ ಮದ್ದು. ಚಿಕ್ಕಪ್ಪನಿಗೆ ಇದು ಬಹಳ ಹಿಡಿಸಿತು. ತಮ್ಮ ಕುಡುಗೋಲು, ಗುದ್ದಲಿಗಳನ್ನೂ ತಂದು ಡ್ರಮ್ಮಿಗೆ ಹಾಕಿದರು.

ತಡೆಯುವ ಕೆಲಸ ಇಷ್ಟು ಶ್ರಮದ್ದಲ್ಲ, ಖರ್ಚಿನದೂ ಅಲ್ಲ. ಗೊಬ್ಬರದ ಮೂಟೆಯ ಕೆಳಗೆ ಟಾರ್ಪಾಲು ಹಾಸಿ, ಇಳಿಸಿದ ಮೇಲೆ ಕೊಡವುವುದು. ಮ್ಯಾಟು ಎತ್ತಿ ಬಿಸಿಲಿಗೆ ಹಾಕುವುದು. ಕೆಸರು ಗದ್ದೆಯಿಂದ ಬಂದ ದಿನವೇ ವಾಟರ್ ಸರ್ವೀಸಿನವನ ಹತ್ತಿರ ತಳ ತೊಳೆಸುವುದು, ತೊಳೆಸಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ ಗಾಳಿಗೆ ಒಣಗಿಸುವುದು. ನೀರು ಇಳಿಯುವ ತೂತುಗಳಿಗೆ ಮಳೆಗಾಲದ ಮುಂಚೆ ತಂತಿ ಹಾಕುವುದು. ಮುಚ್ಚಿದ ಚಾಸಿಯ ಒಳಕ್ಕೆ ಉದ್ದ ಕೊಳವೆಯಲ್ಲಿ ಮೇಣದ ಲೇಪ ಸಿಂಪಡಿಸುವುದು. ಈಗಿನ ಕಾರುಗಳ ಇಡೀ ಮೈಯನ್ನು ಕಾರ್ಖಾನೆಯಲ್ಲಿ ಬಣ್ಣದ ತೊಟ್ಟಿಗೆ ಮುಳುಗಿಸಿ, ವಿದ್ಯುತ್ ಹರಿಸಿ, ಒಳಸಂದಿಗಳಿಗೂ ಪ್ರೈಮರ್ ಅಂಟುವಂತೆ ಮಾಡುತ್ತಾರೆ. ಹಳೇ ಜೀಪಿಗೆ ಆ ಸ್ನಾನ ಆಗಿಲ್ಲ, ಸಂದಿಗಳನ್ನು ಒಂದೊಂದಾಗಿ ಹುಡುಕಬೇಕು.

ಕಾಗದಪತ್ರದ ಕಾಟ ಕೊನೆಗೆ ಉಳಿದಿತ್ತು. ಸರ್ಕಾರಿ ವಾಹನಗಳಿಗೆ ಹದಿನೈದು ವರ್ಷ ತುಂಬಿದರೆ ಗುಜರಿಗೇ ಕಳಿಸಬೇಕೆಂಬ ನಿಯಮ 2023ರ ಏಪ್ರಿಲ್ 1ರಿಂದ ಬಂದಿದೆ. ಇನ್ನು ಮುಂದೆ ಇಲಾಖೆಯ ಹರಾಜಿನಲ್ಲಿ ಜೀಪು ಕೂಗಿ ತರುವ ದೊಡ್ಡಪ್ಪಂದಿರು ಇರುವುದಿಲ್ಲ. ಖಾಸಗಿ ಗಾಡಿಗೆ ಹದಿನೈದು ವರ್ಷದ ಮೇಲೆ ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಅದಕ್ಕೆ ಗಾಡಿಯನ್ನು ಮಂಡ್ಯದ ಆರ್‌ಟಿಒ ಕಚೇರಿಗೆ ಒಯ್ದು ತೋರಿಸಬೇಕು, ಚಾಸಿ ನಂಬರಿನ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯಬೇಕು. ತುಕ್ಕು ನಂಬರನ್ನೇ ತಿಂದುಹಾಕಿದ ಜೀಪುಗಳು ಎಷ್ಟೇ ಗಟ್ಟಿಯಾಗಿದ್ದರೂ ಇಲ್ಲೇ ಮುಗ್ಗರಿಸುತ್ತವೆ. ಇವನ ಜೀಪಿನ ಚಾಸಿಯಲ್ಲಿ ಆ ಗೇಣುದ್ದ ಜಾಗದಲ್ಲಿ ಮಾತ್ರ ಕರೀ ಎಣ್ಣೆಯ ಬದಲು ಗ್ರೀಸು ಮೆತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ತುಂಡು ಸುತ್ತಿ ಕಟ್ಟಿತ್ತು. ದೊಡ್ಡಪ್ಪನ ಕೆಲಸ. ಹರಾಜಿನ ಗಾಡಿ ತಂದವರಿಗೆ ನಂಬರಿನ ಬೆಲೆ ಗೊತ್ತಿತ್ತು. ಒರೆಸಿದಾಗ ಅಂಕಿಗಳು ಒಂದೂ ಬಿಡದೆ ಓದಿಸಿಕೊಂಡವು.

ಟೈಲ್‌ಗೇಟಿನ ಕೆಳಪಟ್ಟಿ ಮತ್ತು ವಿಂಡ್‌ಸ್ಕ್ರೀನ್ ಚೌಕಟ್ಟಿನ ತಳ ಇನ್ನೂ ಬಾಕಿ ಇದೆ. ಕಬ್ಬು ಕಟಾವಿನ ಕಾಲವಾದ್ದರಿಂದ ಭಾಯ್ ಮಗ ಟ್ರೇಲರ್ ಬೆಸುಗೆಯಲ್ಲಿ ಮುಳುಗಿದ್ದಾನೆ, ಯುಗಾದಿ ಮುಗಿಯಲಿ ಎಂದಿದ್ದಾನೆ. ಅಲ್ಲಿಯವರೆಗೆ ಹೊಸ ಮ್ಯಾಟು ಹಾಕುವುದು ಬೇಡವೆಂದು ಚಿಕ್ಕಪ್ಪನ ಅಪ್ಪಣೆ.